ಬಾಗಿಲಿಂದ ಎರಡನೆಯ ಅಂಕಣ

ನಲವತ್ತಾರು ತುಂಬಿ, ಸ್ವಂತದ್ದೊಂದು ತಂಡ ಕಟ್ಟಿಕೊಂಡು ಹದಿನೈದು ವರ್ಷವಾಗಿದ್ದರೂ ಕಟ್ಟಡ ಕೆಲಸದವರ ಬಾಯಲ್ಲಿ ಅವಳು ಇನ್ನೂ ‘ಮೇಸ್ತ್ರಿ ಮಗಳು’. ಪೇಂಟರನ್ನು ಮದುವೆಯಾದ ಮೇಲೂ ಯಾರೂ ಅವಳನ್ನು ಪೇಂಟರ್ ಹೆಂಡತಿ ಎನ್ನಲಿಲ್ಲ. ಅದರಿಂದ ಪೇಂಟರ್‌ಗೆ ಬೇಜಾರೇನೂ ಇರಲಿಲ್ಲ. “ನನ್ನನ್ನೇ ಜನ ಮೇಸ್ತ್ರಿ ಅಳಿಯ ಅಂತಾರೆ. ಇನ್ನು ಅವಳನ್ನ ನನ್ನ ಲೆಕ್ಕಕ್ಕೆ ಯಾರು ಹಾಕ್ತಾರೆ?” ಎಂದು ನಗುತ್ತಿದ್ದ.

ಮೇಸ್ತ್ರಿ ಎಂದರೆ ಆ ಊರಿಗೆಲ್ಲ ಒಬ್ಬನೇ, ಅವಳ ಅಪ್ಪ. ಸುಣ್ಣದ ಗಾರೆಯ ಹಳೆಯ ಚಾವಣಿಗೋ ಕಮಾನಿಗೋ ಅವನ ಕೈ ಬಿದ್ದ ಮೇಲೆ ಯಾವುದು ಮೊದಲಿನದು, ಯಾವುದು ತೇಪೆ ಎಂದು ದೀಪ ಹಿಡಿದು ಹುಡುಕಿದರೂ ತಿಳಿಯುತ್ತಿರಲಿಲ್ಲ. ಎಪ್ಪತ್ತೆಂಟರ ವಯಸ್ಸಿಗೆ ಮಂಡಿಗಳು ಕೈಕೊಟ್ಟು, ಮಗಳ ಮನೆಯ ಕಿಟಕಿಯ ಪಕ್ಕದ ಕುರ್ಚಿಯೇ ಅವನ ಜಾಗವಾಗಿತ್ತು. ಕಣ್ಣು ಮಾತ್ರ ಹದ್ದಿನದು. ಎದುರುಮನೆಯ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಆ ಮನೆಯವರಿಗಿಂತ ಮೊದಲೇ ಇವನಿಗೆ ಗೊತ್ತಾಗುತ್ತಿತ್ತು. ಗೊತ್ತಾದದ್ದನ್ನು ಸುಮ್ಮನೆ ಇಟ್ಟುಕೊಳ್ಳುವ ಜಾಯಮಾನ ಅವನದಲ್ಲ. ನೋಡಲು ಬಂದವರಿಗೆಲ್ಲ ಗಾರೆಯ ಪಾಠ ಹೇಳುತ್ತಿದ್ದ. ಸಿಮೆಂಟ್ ಎಂಬ ಪದವನ್ನು ಬೈಗುಳದ ಹಾಗೆ ಉಚ್ಚರಿಸುತ್ತಿದ್ದ.

ಅವನ ಕೆಲಸ ಅವಳ ಅಣ್ಣನಿಗೆ ಹೋಗಬೇಕಾಗಿತ್ತು. ಆದರೆ ಅಣ್ಣನಿಗೆ ಏಣಿಯ ಮೂರನೆಯ ಮೆಟ್ಟಿಲಿಗೇ ತಲೆ ಸುತ್ತುತ್ತಿತ್ತು. ಎರಡು ಸಲ ಮೇಲೆ ಹತ್ತಿಸಿ, ಎರಡು ಸಲವೂ ಹೊತ್ತು ಇಳಿಸಬೇಕಾಗಿ ಬಂದಾಗ ಅಪ್ಪ ಅವನನ್ನು ಬೀಗದ ಅಂಗಡಿಗೆ ಸೇರಿಸಿ, ಕೆಳಗೆ ನಿಂತು ಬಕೆಟ್ ಕೊಡುತ್ತಿದ್ದ ಮಗಳನ್ನು ಮೇಲೆ ಕರೆದಿದ್ದ. ಆಗ ಅವಳಿಗೆ ಹತ್ತೊಂಬತ್ತು. ಹತ್ತಿದವಳು ಮತ್ತೆ ಇಳಿಯಲಿಲ್ಲ ಎಂದೇ ಹೇಳಬೇಕು.

ಊರಿನ ಹಳೆಯ ಕೋರ್ಟು ಕಟ್ಟಡವನ್ನು ಮಕ್ಕಳ ಆಸ್ಪತ್ರೆ ಮಾಡುವುದೆಂದು ತೀರ್ಮಾನವಾದಾಗ ಅದರ ದೊಡ್ಡ ಮೊಗಸಾಲೆಯ ಗಾರೆ ಕೆಲಸ ಅವಳ ತಂಡಕ್ಕೆ ಬಂತು. ಬಣ್ಣದ ಕೆಲಸ ಗಂಡನಿಗೆ. ಕೋರ್ಟು ಹೊಸ ಕಟ್ಟಡಕ್ಕೆ ಹೋಗಿ ಇಪ್ಪತ್ತು ವರ್ಷ ದಾಟಿತ್ತು. ಅಲ್ಲಿಂದೀಚೆಗೆ ಆ ಮೊಗಸಾಲೆಯಲ್ಲಿ ಮುರಿದ ಬೆಂಚುಗಳು, ಕಟ್ಟು ಕಟ್ಟಿದ ಕಾಗದಗಳು, ಪಾರಿವಾಳಗಳು ಬಿಟ್ಟರೆ ಯಾರೂ ಇರಲಿಲ್ಲ. ಉದ್ದನೆಯ ಜಾಗ ಅದು. ಒಂದು ತುದಿಯಲ್ಲಿ ಬೀದಿಯ ಕಡೆಯ ದೊಡ್ಡ ಬಾಗಿಲು, ಇನ್ನೊಂದು ತುದಿಯಲ್ಲಿ ಗೋಡೆ. ತಲೆಯ ಮೇಲೆ ಇಟ್ಟಿಗೆಯ ಕಮಾನಿನ ಚಾವಣಿ, ಅದಕ್ಕೆ ಸುಣ್ಣದ ಗಾರೆ. ಅಡ್ಡ ಹಾಯ್ದ ತೊಲೆಪಟ್ಟಿಗಳು ಚಾವಣಿಯನ್ನು ಆರು ಅಂಕಣಗಳಾಗಿ ಸೀಳಿದ್ದವು. ಆಪಾದಿತರೂ ಸಾಕ್ಷಿಗಳೂ ಕಾದು ಕೂರುತ್ತಿದ್ದ ಆ ಜಾಗದಲ್ಲಿ ಇನ್ನು ಮುಂದೆ ಕೆಮ್ಮು ಜ್ವರದ ಮಕ್ಕಳನ್ನು ತೊಡೆಯ ಮೇಲಿಟ್ಟುಕೊಂಡು ತಾಯಂದಿರು ಕೂರಬೇಕಾಗಿತ್ತು. ಆಸ್ಪತ್ರೆ ತೆರೆಯುವ ದಿನ ಗೊತ್ತಾಗಿತ್ತು. ಹೊರಗಿನಿಂದ ಬಂದ ಪರೀಕ್ಷಕರು ಚಾವಣಿಯನ್ನು ಹನ್ನೆರಡು ಕಡೆ ಕುಟ್ಟಿ ನೋಡಿ, ಎಲ್ಲವೂ ಗಟ್ಟಿ ಎಂದು ಬರೆದುಕೊಟ್ಟಿದ್ದರು.

ಅವಳೂ ಕುಟ್ಟಿ ನೋಡಿದ್ದಳು. ಕರಣೆಯ ಹಿಡಿಯಿಂದ ತಟ್ಟಿದರೆ ಬಿಟ್ಟುಕೊಂಡ ಗಾರೆ ಟೊಳ್ಳು ಸದ್ದು ಮಾಡುತ್ತದೆ. ಇಲ್ಲಿ ಎಲ್ಲಿಯೂ ಆ ಸದ್ದು ಬರಲಿಲ್ಲ. ಬಾಗಿಲಿಂದ ಎರಡನೆಯ ಅಂಕಣದಲ್ಲಂತೂ ಅವಳು ಮೂರು ಸಲ ತಟ್ಟಿ, ಕಿವಿಗೊಟ್ಟು ಕೇಳಿದ್ದಳು. ಗಟ್ಟಿ. ‘ಇಪ್ಪತ್ತೇಳು ವರ್ಷ ನಿಂತಿದ್ದು ಇನ್ನೂ ನಿಲ್ಲುತ್ತೆ ಬಿಡು’ ಎಂದು ತನಗೆ ತಾನೇ ಹೇಳಿಕೊಂಡು ಇಳಿದಿದ್ದಳು. ಕೇಳಿದವರಿಗೆ ಗಟ್ಟಿ ಇದೆ ಎಂದಷ್ಟೇ ಹೇಳಿದ್ದಳು, ಬೇರೇನೂ ಹೇಳಿರಲಿಲ್ಲ.

ಮೂರು ವಾರ ಹಾಗೇ ಕಳೆಯಿತು. ಒಂದು ಸೋಮವಾರ ಇಂಜಿನಿಯರ್ ಹೊಸ ನಕ್ಷೆಯೊಂದನ್ನು ಹಲಗೆಯ ಮೇಲೆ ಹರಡಿದರು. ಮಿತಭಾಷಿ ಮನುಷ್ಯ, ಕೆಟ್ಟವರೇನಲ್ಲ. ದಿನ ಹತ್ತಿರ ಬಂದ ಹಾಗೆ ಉಗುರು ಕಚ್ಚುವುದು ಮಾತ್ರ ಜಾಸ್ತಿಯಾಗಿತ್ತು. ನಕ್ಷೆಯ ಉದ್ದಕ್ಕೂ ಕೆಂಪು ಚುಕ್ಕೆಗಳಿದ್ದವು.

“ಇವೇನು ಸಾರ್?”

“ಗಾಳಿ ಕೊಳವೆ ನೇತುಹಾಕೋಕೆ. ಒಂದೊಂದು ಅಂಕಣಕ್ಕೆ ನಾಲ್ಕು ತೂತು. ಗಾರೆ ದಾಟಿ ಇಟ್ಟಿಗೆವರೆಗೂ ಹೋಗ್ಬೇಕು. ಬುಧವಾರ ಶುರು.”

“ಕೊಳವೆ ಗೋಡೆ ಮೇಲೆ ಬರುತ್ತೆ ಅಂದಿದ್ರಲ್ಲ?”

“ಗೋಡೆ ಮೇಲೆ ಜಾಗ ಸಾಲಲ್ಲ. ಯಾಕೆ? ಚಾವಣಿ ಗಟ್ಟಿ ಇದೆ ಅಂತ ನೀವೇ ಹೇಳಿದ್ರಿ.”

ಹೌದು, ಅವಳೇ ಹೇಳಿದ್ದಳು.

ಅವಳ ತಲೆಯಲ್ಲಿದ್ದದ್ದು ಇಷ್ಟು. ಇಪ್ಪತ್ತೇಳು ವರ್ಷದ ಹಿಂದೆ, ಕೋರ್ಟು ಇನ್ನೂ ಅಲ್ಲೇ ನಡೆಯುತ್ತಿದ್ದಾಗ, ಮೇಲಿನಿಂದ ನೀರು ಸೋರಿ ಒಂದು ಅಂಕಣದ ಗಾರೆ ಉದುರಿತ್ತು. ಸರಿಮಾಡಲು ಅಪ್ಪನನ್ನು ಕರೆದರು. ಕೋರ್ಟಿಗೆ ರಜೆ ಎಂಟೇ ದಿನ. ಕೆಲಸ ಮೂರು ವಾರದ್ದು, ಯಾಕೆಂದರೆ ಸುಣ್ಣದ ಗಾರೆಯನ್ನು ಪದರ ಪದರವಾಗಿ ಹಚ್ಚಬೇಕು, ಒಂದು ಒಣಗದೆ ಇನ್ನೊಂದನ್ನು ಮುಟ್ಟುವಂತಿಲ್ಲ. ‘ಆಗಲ್ಲ’ ಎಂದು ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅಪ್ಪ ಜೀವಮಾನದಲ್ಲಿ ಯಾರಿಗೂ ಆ ಮಾತು ಹೇಳಿದವನಲ್ಲ. ಆರನೆಯ ದಿನ ಹಸಿ ಸುಣ್ಣದ ಮೇಲೆಯೇ, ಗಂಟೆಯೊಳಗೆ ಗಟ್ಟಿಯಾಗುವ ಜಿಪ್ಸಮ್ಮಿನ ದಪ್ಪ ಪದರ ಎಳೆದು, ನುಣ್ಣಗೆ ತೀಡಿ, ಮೇಲೆ ಬಣ್ಣ ಹಚ್ಚಿಸಿಬಿಟ್ಟ. ಬಕೆಟ್ ಹಿಡಿದು ನಿಂತಿದ್ದ ಮಗಳು “ಒಳಗೆ ಇನ್ನೂ ಒಣಗಿಲ್ವಲ್ಲಪ್ಪ” ಎಂದಿದ್ದಳು. “ನಿನ್ನ ಕೆಲಸ ನೀರು ತರೋದು” ಎಂದಿದ್ದ ಅಪ್ಪ.

ಆಗ ಅವಳಿಗೆ ಅದರ ಅರ್ಥ ಪೂರ್ತಿ ಆಗಿರಲಿಲ್ಲ. ಕಸುಬು ಕೈಗೆ ಹತ್ತಿದ ಮೇಲೆ ಆಯಿತು. ಹಾಗೆ ಎಳೆದ ಪದರ ಒಳಗಿನದನ್ನು ಕಚ್ಚಿಕೊಂಡಿರುವುದಿಲ್ಲ, ಒರಗಿಕೊಂಡಿರುತ್ತದೆ ಅಷ್ಟೇ. ದಪ್ಪವಿರುವುದರಿಂದ ತಟ್ಟಿದರೆ ಸದ್ದೂ ಗಟ್ಟಿಯಾಗಿಯೇ ಬರುತ್ತದೆ. ಯಾರೂ ಮುಟ್ಟದಿದ್ದರೆ ಎಷ್ಟು ವರ್ಷ ಬೇಕಾದರೂ ನಿಂತೀತು. ಕೊರೆಯುವ ಯಂತ್ರ ಮುಟ್ಟಿದರೆ?

ಅವತ್ತು ಸಂಜೆ ಮನೆಗೆ ಬಂದವಳೇ, ಕೈಕಾಲು ಕೂಡ ತೊಳೆಯದೆ ಅಪ್ಪನ ಎದುರು ಬೆತ್ತದ ಪುಟ್ಟ ಪೀಠ ಎಳೆದುಕೊಂಡು ಕೂತಳು.

“ಅಪ್ಪ, ಕೋರ್ಟಿನ ಚಾವಣೀಲಿ ಕೊರೀತಾರಂತೆ.”

ಅಪ್ಪ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. “ಕೊರೀಲಿ.”

“ನೀನು ಮಾಡಿದ ಅಂಕಣದಲ್ಲೂ ಕೊರೀತಾರೆ.”

“ನಾನು ಮಾಡಿದ್ದು ಅಂತ ಯಾರು ಹೇಳಿದ್ರು?”

“ನಾನೇ ನೀರು ತಂದಿದ್ನಲ್ಲಪ್ಪ.”

ಅಪ್ಪ ಈಗ ತಿರುಗಿದ. “ಅಲ್ಲಿ ನಾನು ಮಾಡಿದ ಕೆಲಸ ಇಪ್ಪತ್ತೇಳು ವರ್ಷ ನಿಂತಿದೆ. ಈಗಿನವರು ಮಾಡಿದ್ದು ಇಪ್ಪತ್ತೇಳು ತಿಂಗಳು ನಿಂತರೆ ಹೆಚ್ಚು. ಏನು ಹೇಳ್ಬೇಕು ಅಂತಿದ್ದೀಯ ನೀನು?”

“ಅದು ಕೆಟ್ಟದಾಗಿದೆ ಅಂತ ಹೇಳ್ಬೇಕು ಅಂತಿದ್ದೀನಿ. ಇಂಜಿನಿಯರ್ ಹತ್ರ. ನಾಳೆ.”

ಪೇಂಟರ್ ಒಳಗಿನ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದವನು ಹಾಗೆಯೇ ನಿಂತ. ಅಪ್ಪ “ಹೇಳ್ಕೋ ಹೋಗು” ಎಂದು ಮತ್ತೆ ಕಿಟಕಿಗೆ ಮುಖ ತಿರುಗಿಸಿದ. ಊಟಕ್ಕೆ ಕರೆದರೆ ಹಸಿವಿಲ್ಲ ಎಂದ.

ಮಂಗಳವಾರ ಬೆಳಿಗ್ಗೆ ಅವಳು ಇಂಜಿನಿಯರಿಗೆ ಎಲ್ಲವನ್ನೂ ಹೇಳಿದಳು. ಅಪ್ಪನ ಹೆಸರನ್ನೂ ಹೇಳಿದಳು. ಸುತ್ತ ನಿಂತ ಕೆಲಸದವರು ಮುಖ ಮುಖ ನೋಡಿಕೊಂಡರು. ಅವರಲ್ಲಿ ಅರ್ಧ ಜನ ಅಪ್ಪನ ಕೈಕೆಳಗೆ ಕಲಿತವರು, ಉಳಿದರ್ಧ ಜನ ಕಲಿತೆವೆಂದು ಹೇಳಿಕೊಳ್ಳುವವರು.

“ಯಾವ ಅಂಕಣ?” ಎಂದರು ಇಂಜಿನಿಯರ್.

“ಬಾಗಿಲಿಂದ ಎರಡನೇದು. ಬಲಗಡೆ.”

“ಖಾತ್ರಿನಾ?”

“ಖಾತ್ರಿ. ಬಾಗಿಲು ದಾಟಿ ಒಂದು ಅಂಕಣ ಬಿಟ್ಟು, ಬಲಕ್ಕೆ ತಿರುಗಿ ಬಕೆಟ್ ಇಳಿಸ್ತಿದ್ದೆ. ಎಂಟು ದಿನ ಅದೇ ಮಾಡಿದ್ದೀನಿ.”

ಚಕ್ರದ ಅಟ್ಟಣಿಗೆಯನ್ನು ತಳ್ಳಿಕೊಂಡು ಬಂದು ನಿಲ್ಲಿಸಿದರು. ಅವಳೇ ಹತ್ತಿ ಅಂಗೈಯಗಲದ ಜಾಗ ಬಿಡಿಸಿದಳು. ಮೊದಲು ಬಣ್ಣದ ಪದರಗಳು, ಆಮೇಲೆ ತೆಳ್ಳನೆಯ ಮೆರುಗು, ಆಮೇಲೆ ಸುಣ್ಣ, ಸುಣ್ಣ, ಇಟ್ಟಿಗೆ. ಜಿಪ್ಸಮ್ ಎಲ್ಲಿಯೂ ಇಲ್ಲ. ನೂರು ವರ್ಷದ ಹಿಂದೆ ಯಾರೋ ಪುಣ್ಯಾತ್ಮ ಹಚ್ಚಿದ ಗಾರೆ ಕಲ್ಲಿನಂತೆ ಕೂತಿತ್ತು. ಪಕ್ಕದಲ್ಲಿ ಇನ್ನೊಂದು ಕಡೆ ಬಿಡಿಸಿದಳು. ಅದೂ ಹಾಗೆಯೇ. ಎಡಗಡೆ ಬಿಡಿಸಿದಳು. ಅದೂ.

ಕೆಳಗೆ ಯಾರೋ ಕೆಮ್ಮಿದರು. ಯಾರೋ ನಗು ತಡೆದುಕೊಂಡರು.

ಅವಳು ಇಳಿದು ಬಂದಾಗ ಇಂಜಿನಿಯರ್ ಸಿಟ್ಟಾಗಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು. “ನೋಡಿ ಅಮ್ಮ, ಇಪ್ಪತ್ತೇಳು ವರ್ಷ ಆಗಿದೆ. ಬೇರೆ ಕಟ್ಟಡ ಇರಬಹುದು.”

“ಇದೇ ಕಟ್ಟಡ ಸಾರ್. ಇನ್ನೊಂದೆರಡು ಅಂಕಣ ತೆಗೆದು ನೋಡೋಣ.”

“ಒಂದೊಂದೂ ತೆಗೆದು ಮುಚ್ಚುತ್ತಾ ಕೂತರೆ ನಾನು ಮೇಲಿನವರಿಗೆ ಏನು ಹೇಳಲಿ? ಪರೀಕ್ಷೆ ವರದಿ ಇದೆ. ನೀವು ಚಾವಣಿ ಬಿಡಿ, ಪಕ್ಕದ ಗೋಡೆ ಮುಗಿಸಿ. ನಾಳೆ ಕೊರೆಯೋದು ಕೊರೆಯೋದೇ.”

ಸಂಜೆ ಇಬ್ಬರೂ ಒಟ್ಟಿಗೆ ಮನೆಗೆ ಹೋದರು. ಬಾಗಿಲಲ್ಲಿ ಪೇಂಟರ್ “ನಾನು ನಿನ್ನ ಪರ. ಆದರೆ ಒಳಗೆ ಮೊದಲು ನೀನೇ ಹೋಗು” ಎಂದ.

ಅಪ್ಪ ಕುರ್ಚಿಯಲ್ಲಿಯೇ ಇದ್ದ. ಅವಳು ಸುತ್ತಿಬಳಸದೆ ಹೇಳಿದಳು. “ತೆಗೆದು ನೋಡಿದೆ. ನಿನ್ನ ಕೆಲಸ ಸಿಗಲೇ ಇಲ್ಲ. ಎಲ್ಲ ಗಟ್ಟಿ ಇದೆ. ನಾನೇ ಸುಳ್ಳಿ ಅನ್ನಿಸ್ಕೊಂಡು ಬಂದೆ. ಈಗ ಸಮಾಧಾನ ಆಯ್ತಾ?”

ಗೆದ್ದವನ ಮುಖ ಕಾಣುತ್ತದೆಂದು ಅವಳು ಸಿದ್ಧಳಾಗಿದ್ದಳು. ಆ ಮುಖ ಕಾಣಲಿಲ್ಲ. ತಟ್ಟೆ ತಂದಿಟ್ಟರೆ ಎರಡು ತುತ್ತು ತಿಂದು ಪಕ್ಕಕ್ಕೆ ತಳ್ಳಿದ. ಹಾಸಿಗೆಗೆ ಹೋಗಲು ಎಬ್ಬಿಸಿದಾಗ ಅವನ ಮೈ ಎಂದಿಗಿಂತ ಭಾರವೆನಿಸಿತು.

ಬುಧವಾರ ಪೇಂಟರ್ ಬೇಗನೆ ಹೊರಟುಹೋಗಿದ್ದ. ಅವಳು ಅಪ್ಪನಿಗೆ ಚಹಾ ಕೊಟ್ಟು ಚಪ್ಪಲಿ ಮೆಟ್ಟುತ್ತಿದ್ದಳು. ಹಿಂದಿನಿಂದ ಅಪ್ಪ ಕೇಳಿದ.

“ಎಲ್ಲಿ ತೆಗೆದೆ?”

“ಹೇಳಿದ್ನಲ್ಲ. ಬಾಗಿಲಿಂದ ಎರಡನೇ ಅಂಕಣ.”

“ಯಾವ ಬಾಗಿಲು?”

“ಯಾವ ಬಾಗಿಲು ಅಂದ್ರೆ? ಇರೋದೇ ಒಂದು ಬಾಗಿಲು.”

ಅಪ್ಪ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅದರೊಳಗೇ ನೋಡುತ್ತಿದ್ದ. “ಈಗ ಒಂದು. ಆಗ ಎರಡಿತ್ತು. ಬೀದಿ ಬಾಗಿಲಿಗೆ ರಜೆ ಅಂತ ಬೀಗ ಹಾಕಿ ಮೊಹರು ಒತ್ತಿದ್ರು. ನಾವು ಹೋಗ್ತಿದ್ದದ್ದು ಆಚೆ ತುದೀಲಿದ್ದ ಅಂಗಳದ ಬಾಗಿಲಿಂದ. ಆ ಬಾಗಿಲನ್ನ ಆಮೇಲೆ ಇಟ್ಟಿಗೆ ಕಟ್ಟಿ ಮುಚ್ಚಿದ್ರು.”

ಅವಳಿಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಮರುಕ್ಷಣ ಎಲ್ಲವೂ ಹೊಳೆಯಿತು. ಅಂಗಳದ ನಲ್ಲಿ, ಅಲ್ಲಿಂದ ತುಂಬಿ ತರುತ್ತಿದ್ದ ಬಕೆಟ್, ಎರಡು ಮೆಟ್ಟಿಲು, ಒಳಗೆ ಕಾಲಿಟ್ಟು ಒಂದು ಅಂಕಣ ಬಿಟ್ಟು ಬಲಕ್ಕೆ. ನೆನಪು ತಪ್ಪಿರಲಿಲ್ಲ, ಮೊಗಸಾಲೆಯೇ ತಿರುಗಿ ನಿಂತಿತ್ತು. ಆ ಕಡೆಯಿಂದ ಎರಡನೆಯದೆಂದರೆ ಬೀದಿಯ ಕಡೆಯಿಂದ ಐದನೆಯದು. ಬಲಗಡೆಯೆಂದರೆ ಎಡಗಡೆ.

“ನಿನ್ನೆಯೇ ಗೊತ್ತಿತ್ತಾ ನಿನಗೆ?”

“ಗೊತ್ತಿತ್ತು” ಎಂದ ಅಪ್ಪ. “ಹೋಗು. ಮಾತಾಡ್ತಾ ನಿಲ್ಲಬೇಡ.”

ಅವಳು ಓಡಿದಳು. ಸ್ಕೂಟರಿನಲ್ಲಿ ಹತ್ತು ನಿಮಿಷದ ದಾರಿ. ಹೊರಡುವ ಮುಂಚೆ ಇಂಜಿನಿಯರಿಗೆ ಫೋನು ಮಾಡಿದಳು, ರಿಂಗಾಗಿ ನಿಂತಿತು. ಗಂಡನಿಗೆ ಮಾಡಿದಳು. ಕೆಲಸದ ಹೊತ್ತಿನಲ್ಲಿ ಅವನ ಫೋನು ಮೊಳೆಗೆ ನೇತುಹಾಕಿದ ಅಂಗಿಯ ಜೇಬಿನಲ್ಲಿರುತ್ತದೆಂದು ಗೊತ್ತಿದ್ದೂ ಎರಡು ಸಲ ಮಾಡಿದಳು. ವೃತ್ತದ ಬಳಿ ಲಾರಿಯೊಂದು ಅಡ್ಡ ನಿಂತು ದಾರಿ ಕಟ್ಟಿತ್ತು. ಫುಟ್‌ಪಾತಿನ ಮೇಲೆ ಹತ್ತಿಸಿ ದಾಟಿದಳು. ಹಣ್ಣಿನ ಬುಟ್ಟಿಯ ಮುಂದೆ ಕೂತಿದ್ದವಳು ಬೈದದ್ದು ಅವಳಿಗೆ ಕೇಳಿಸಿತು, ಉತ್ತರ ಕೊಡಲು ಪುರುಸೊತ್ತಿರಲಿಲ್ಲ. ಬೀದಿ ಬದಿಯಿಂದ ಶುರುಮಾಡಿದ್ದರೆ ಐದನೆಯದಕ್ಕೆ ಮಧ್ಯಾಹ್ನವಾಗುತ್ತದೆ ಎಂದು ಲೆಕ್ಕ ಹಾಕಿ ಧೈರ್ಯ ತಂದುಕೊಂಡಳು.

ಅವರು ಬೀದಿ ಬದಿಯಿಂದ ಶುರುಮಾಡಿರಲಿಲ್ಲ. ಬಾಗಿಲ ಬಳಿ ಪೇಂಟರನ ಡಬ್ಬಗಳಿದ್ದವೆಂದು ಗೋಡೆಯ ತುದಿಯಿಂದ ಹಿಡಿದಿದ್ದರು. ಅವಳು ಒಳಗೆ ಬಂದಾಗ ಆರನೆಯ ಅಂಕಣ ಮುಗಿದು, ಅಟ್ಟಣಿಗೆ ಐದನೆಯದರ ಎಡಗಡೆಗೆ ಸರಿದಿತ್ತು. ಮೇಲೆ ಕೊರೆಯುವವನು ನಿಂತಿದ್ದ. ಎಲ್ಲರೂ ಅವನನ್ನು ಉದ್ದಣ್ಣ ಎನ್ನುತ್ತಿದ್ದರು, ನೋಡಿದವರಿಗೆ ಕಾರಣ ಹೇಳಬೇಕಾಗಿರಲಿಲ್ಲ. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ. ಯಂತ್ರ ಮೊರೆಯುತ್ತಿತ್ತು. ಕೂಗಿದರೆ ಅವನಿಗೆ ಕೇಳಿಸುವಂತಿರಲಿಲ್ಲ. ಅವಳು ಕೂಗಲೂ ಇಲ್ಲ. ವೈರು ಹೋದ ದಾರಿಯನ್ನು ಕಣ್ಣಲ್ಲಿ ಹಿಡಿದು, ಗೋಡೆಯ ಹತ್ತಿರ ಓಡಿ ಪ್ಲಗ್ ಕಿತ್ತಳು.

ಸದ್ದು ನಿಂತಿತು. ನಿಂತ ಮೌನದಲ್ಲಿ ಮೇಲಿನಿಂದ, ಬಟ್ಟೆ ಹರಿದ ಹಾಗೆ, ಸಣ್ಣದೊಂದು ಚರಚರ ಕೇಳಿಸಿತು. ಬಿಳಿಯ ಪುಡಿ ಗೆರೆ ಎಳೆದ ಹಾಗೆ ಉದ್ದಕ್ಕೆ ಉದುರಿತು.

ಉದ್ದಣ್ಣ ರೇಗಿ ಕೆಳಗೆ ನೋಡಲು ಹೋದವನು ಅರ್ಧಕ್ಕೆ ನಿಂತ. ಎತ್ತಿ ಹಿಡಿದ ಯಂತ್ರದ ಮೇಲೆ ಅವನ ಎರಡೂ ಕೈಗಳಿದ್ದವು. ಕಿವಿಯ ಮುಚ್ಚಳ ಹೆಗಲಿಗೆ ಉಜ್ಜಿ ಬೀಳಿಸಿಕೊಂಡ.

“ಅಕ್ಕ,” ಎಂದ, ಮೆಲ್ಲಗೆ. “ಮೇಲಿಂದ ಏನೋ ನನ್ನ ಕೈ ಮೇಲೆ ಕೂತ ಹಾಗಿದೆ.”

“ಗೊತ್ತು. ಹೊರಗೆ ಎಳೀಬೇಡ. ಇಳಿಸಲೂ ಬೇಡ. ಹಾಗೇ ಇರು.”

“ಭಾರ ಇದೆ ಅಕ್ಕ.”

“ಬಂದೆ.”

ಚಾವಣಿಯ ಆ ಪದರ ಇಟ್ಟಿಗೆಯಿಂದ ಬಿಟ್ಟುಕೊಂಡು, ಒಂದು ಬೆರಳಿನಷ್ಟು ಕೆಳಗಿಳಿದು, ಕೊರೆಯುವ ಯಂತ್ರದ ಮೇಲೆ ಕೂತಿತ್ತು. ಉದ್ದಣ್ಣ ಕೈ ಬಿಟ್ಟರೆ ಅದಷ್ಟೂ ಅವನ ತಲೆಯ ಮೇಲೆ. ಇಂಜಿನಿಯರ್ ಓಡಿ ಬಂದರು. ಒಮ್ಮೆ ಮೇಲೆ ನೋಡಿದರು, ಒಮ್ಮೆ ಅವಳನ್ನು ನೋಡಿದರು, ಏನೂ ಕೇಳದೆ ಉಳಿದವರನ್ನೆಲ್ಲ ಹೊರಗೆ ಕಳಿಸಲು ನಿಂತರು. ಪೇಂಟರ್ ಹೊರಗೆ ಹೋಗಲಿಲ್ಲ.

“ಎರಡು ತಿರುಪು ಕಂಬ, ಎರಡು ಹಲಗೆ,” ಎಂದಳು ಅವನಿಗೆ. “ಗಿಡ್ಡದ್ದು. ನಾನು ಹತ್ತಿದ ಮೇಲೆ ಒಂದೊಂದೇ ಕೊಡು. ಅಟ್ಟಣಿಗೆ ಅಲ್ಲಾಡಬಾರದು.”

“ನಾನು ಹತ್ತುತ್ತೀನಿ.”

“ನಿನಗೆ ಎಷ್ಟು ತಿರುಗಿಸಬೇಕು ಅಂತ ಗೊತ್ತಿಲ್ಲ.”

ಅವನು ವಾದಿಸಲಿಲ್ಲ. ಅಟ್ಟಣಿಗೆಯ ಚಕ್ರಗಳಿಗೆ ಕಲ್ಲು ಕೊಟ್ಟು, ಕಂಬಿಗೆ ಮೈ ಒತ್ತಿ ಹಿಡಿದ. ಅವಳು ಚಪ್ಪಲಿ ಬಿಟ್ಟು ಹತ್ತಿದಳು. ಒಂದೊಂದು ಮೆಟ್ಟಿಲಿಗೂ ಕಬ್ಬಿಣ ಕಿರ್ರೆನ್ನುತ್ತಿತ್ತು, ಒಂದೊಂದು ಕಿರ್ರಿಗೂ ಮೇಲಿನಿಂದ ಚಿಟಿಕೆ ಪುಡಿ ಉದುರುತ್ತಿತ್ತು. ಮೇಲೆ ತಲುಪಿದಾಗ ಉದ್ದಣ್ಣನ ತೋಳು ನಡುಗುವುದು ಕಂಡಿತು. ಕನ್ನಡಕದ ಒಳಗೆ ಬೆವರು ಇಳಿಯುತ್ತಿತ್ತು.

“ನನ್ನ ಕಡೆ ನೋಡಬೇಡ,” ಎಂದಳು. “ನಿನ್ನ ಮಗಳು ಎಷ್ಟನೇ ಕ್ಲಾಸು?”

“ಈಗ ಅದ್ಯಾಕೆ ಅಕ್ಕ?”

“ಹೇಳು.”

“ಆರು. ಗಣಿತದಲ್ಲಿ ಚುರುಕು. ನನ್ನ ಹಾಗಲ್ಲ.”

ಅವಳು ಮೊದಲ ಹಲಗೆಯನ್ನು ಅವನ ಕೈಯಿಂದ ಎರಡು ಗೇಣು ಆಚೆಗೆ ಚಾವಣಿಗೆ ಹಿಡಿದು, ಕೆಳಗೆ ತಿರುಪು ಕಂಬ ನಿಲ್ಲಿಸಿ, ತಿರುಗಿಸತೊಡಗಿದಳು. ಜಾಸ್ತಿ ಎತ್ತಿದರೆ ಪದರ ಒಡೆಯುತ್ತದೆ, ಕಡಿಮೆಯಾದರೆ ತಡೆಯುವುದಿಲ್ಲ. ಜ್ವರದ ಮಗುವಿನ ಹಣೆ ಮುಟ್ಟಿದ ಹಾಗೆ ಮುಟ್ಟಬೇಕು. ಅರ್ಧ ಸುತ್ತು. ಕಾಲು ಸುತ್ತು. ಹಲಗೆ ಚಾವಣಿಗೆ ತಾಗಿದ್ದು ಕಣ್ಣಿಗಿಂತ ಮೊದಲು ಅಂಗೈಗೆ ತಿಳಿಯಿತು. ಅಲ್ಲಿಗೆ ನಿಲ್ಲಿಸಿದಳು. ಎರಡನೆಯ ಕಂಬ ಕೊಡಲು ಪೇಂಟರ್ ಏಣಿಯ ಅರ್ಧಕ್ಕೆ ಬಂದಾಗ ಆಚೆ ಬದಿಯಲ್ಲಿ ಒಂದು ಚಕ್ಕೆ ಕಳಚಿ ನೆಲಕ್ಕೆ ಬಿತ್ತು. ಇನ್ನೇನೂ ಬೀಳಲಿಲ್ಲ.

ಎರಡನೆಯ ಕಂಬವನ್ನು ಅವನ ಇನ್ನೊಂದು ಪಕ್ಕಕ್ಕೆ ಕೊಟ್ಟಳು. ಕಾಲು ಸುತ್ತು. ಇನ್ನೂ ಒಂದು ಕಾಲು.

“ಈಗ ಹಗುರ ಆಯ್ತಾ?”

“ಸ್ವಲ್ಪ.”

“ಯಂತ್ರ ಅಲ್ಲೇ ಬಿಡು. ಕೈ ಮಾತ್ರ ತೆಗಿ. ಒಂದಾದ ಮೇಲೆ ಒಂದು.”

“ಬಿದ್ರೆ?”

“ಬಿದ್ರೆ ಇಬ್ಬರ ಮೇಲೂ ಬೀಳುತ್ತೆ. ತೆಗಿ.”

ಅವನು ಎಡಗೈ ತೆಗೆದ. ಬಲಗೈ ತೆಗೆದ. ಯಂತ್ರ ಅಲ್ಲೇ ನೇತಾಡಿತು. ಉದ್ದಣ್ಣ ಮಗು ಮೆಟ್ಟಿಲಿಳಿಯುವ ಹಾಗೆ ಒಂದೊಂದೇ ಕಾಲು ಊರಿ ಇಳಿದ. ಬಲಗೈ ಮೇಲೆತ್ತಲು ಆಗುತ್ತಿರಲಿಲ್ಲ. ಅವನ ಕಾಲು ನೆಲ ಮುಟ್ಟಿದ ಮೇಲೆ ಅವಳು ಇಳಿದಳು. ಮೂವರೂ ಬಾಗಿಲ ಕಡೆಗೆ ನಡೆದರು, ಓಡಲಿಲ್ಲ. ಓಡಿದರೆ ನೆಲ ಅದುರೀತೆಂಬ ಭಯ.

ಅವರು ಮೂರನೆಯ ಅಂಕಣದ ಕೆಳಗಿದ್ದಾಗ ಹಿಂದೆ ಬಿತ್ತು. ಕಂಬ ಕೊಟ್ಟ ಭಾಗ ನಿಂತಿತ್ತು. ಅದರ ಆಚೆಯದು, ಬಾಗಿಲಿನ ಹಲಗೆಯಷ್ಟು ದೊಡ್ಡ ತುಂಡು, ಹಾಗೆಯೇ ಚಪ್ಪಟೆಯಾಗಿ ಇಳಿದು, ಹಿಂದಿನ ದಿನವಷ್ಟೇ ಕೂರಿಸಿದ್ದ ಚೀಟಿ ಬರೆಸುವ ಕೌಂಟರಿನ ಮೇಲೆ ಬಿತ್ತು. ಕೌಂಟರಿನ ಕಲ್ಲು ಎರಡು ಹೋಳಾಯಿತು. ಧೂಳು ಇಳಿಯಲು ಬಹಳ ಹೊತ್ತು ಹಿಡಿಯಿತು. ಇಂಜಿನಿಯರ್ ಬಾಗಿಲ ಚೌಕಟ್ಟು ಹಿಡಿದು ನಿಂತವರು, ಆ ಕೌಂಟರಿನ ಮುಂದೆ ಸಾಲು ನಿಲ್ಲಲೆಂದು ನೆಟ್ಟಿದ್ದ ಪುಟ್ಟ ಕಂಬಿಗಳನ್ನೇ ನೋಡುತ್ತಿದ್ದರು. ಪೇಂಟರ್ ಹೆಂಡತಿಯ ತಲೆಯ ಮೇಲಿನ ಬಿಳಿ ಪುಡಿಯನ್ನು ಕೈಯಿಂದ ಕೊಡವಿದ. ಅವಳು ಅಲ್ಲೇ ಬಣ್ಣದ ಡಬ್ಬದ ಮೇಲೆ ಕೂತುಬಿಟ್ಟಳು.

ಆಮೇಲಿನದು ಬರೇ ಕೆಲಸ. ಐದನೆಯ ಅಂಕಣವನ್ನು ಇಟ್ಟಿಗೆಯವರೆಗೂ ಬಿಡಿಸಿದರು. ಕೊಳವೆಗಳು ಗೋಡೆಗೇ ಹೋದವು. ಜಾಗ ಸಾಲದೆಂದಿದ್ದ ಗೋಡೆಯಲ್ಲಿ ಹೇಗೋ ಜಾಗ ಹುಟ್ಟಿತು. ಹೊಸ ಗಾರೆಗೆ ಎಷ್ಟು ದಿನ ಎಂದು ಇಂಜಿನಿಯರ್ ಕೇಳಿದಾಗ ಅವಳು ಇಪ್ಪತ್ತೆರಡು ಎಂದಳು, ಅವರು ಇಪ್ಪತ್ತೈದು ಎಂದು ಬರೆದುಕೊಂಡರು. ಆಸ್ಪತ್ರೆ ಒಂದೂವರೆ ತಿಂಗಳು ತಡವಾಗಿ ತೆರೆಯಿತು. ತೆರೆದ ದಿನ ಅವಳು ಬೇರೊಂದು ಊರಿನಲ್ಲಿ ಶಾಲೆಯೊಂದರ ಗೋಡೆ ಕೆರೆಯುತ್ತಿದ್ದಳು.

ಅದಕ್ಕೆ ಮೊದಲು ಇನ್ನೊಂದು ನಡೆಯಿತು. ಇಂಜಿನಿಯರ್ ಮೇಲಿನವರಿಗೆ ವರದಿ ಬರೆಯಬೇಕಾಗಿತ್ತು. “ಹಿಂದೆ ಯಾರೋ ಮಾಡಿದ ದುರಸ್ತಿ ಅಂತ ಬರೀತೀನಿ. ಹೆಸರು ಬೇಡ” ಎಂದರು, ಅವಳ ಮೇಲಿನ ಕಾಳಜಿಯಿಂದಲೇ. ಅವಳು ಮನೆಗೆ ಬಂದು ಅಪ್ಪನಿಗೆ ಹೇಳಿದಳು.

“ಯಾರೋ ಅಂದ್ರೆ?” ಎಂದ ಅಪ್ಪ. “ಯಾರೋ ಅಲ್ಲ. ನನ್ನ ಹೆಸರು ಬರೀಲಿ. ಅಕ್ಷರ ತಪ್ಪಿಲ್ಲದೆ ಬರೀಲಿ.” ಸ್ವಲ್ಪ ಹೊತ್ತಿನ ಮೇಲೆ ಕೇಳಿದ. “ಜಿಪ್ಸಮ್ಮು ಎಷ್ಟು ದಪ್ಪ ಇತ್ತು?”

“ಎರಡು ಬೆರಳು.”

“ಮೂರು. ಇನ್ನೊಂದ್ಸಲ ಅಳೆದು ನೋಡು.”

ಅಳೆದು ನೋಡಿದಳು. ಮೂರೇ ಇತ್ತು.

ಊರಿನ ಕೆಲಸದವರು ಎಷ್ಟೋ ದಿನ ಅದನ್ನೇ ಮಾತಾಡಿಕೊಂಡರು. ಕೆಲವರು ಮೇಸ್ತ್ರಿಯನ್ನು ನೋಡಲು ಬರುವುದು ಬಿಟ್ಟರು. ಹೆತ್ತ ತಂದೆಯ ಮರ್ಯಾದೆ ಬೀದಿಗೆ ತಂದಳೆಂದು ಅವಳ ಬೆನ್ನ ಹಿಂದೆ ಆಡಿಕೊಂಡವರೂ ಇದ್ದರು. ಅವಳ ಅಣ್ಣನೂ ಅವರಲ್ಲೊಬ್ಬ. ಅವನು ಮಾತು ಬಿಟ್ಟು ಎರಡು ತಿಂಗಳಾದ ಮೇಲೆ ಅಪ್ಪನೇ ಕರೆಸಿ, “ನಾನು ಹೇಳಿದ್ದಕ್ಕೆ ಅವಳು ಹೋಗಿದ್ದು. ಮುಖ ಊದಿಸಿಕೊಳ್ಳೋದಿದ್ರೆ ನನ್ನ ಹತ್ರ ಊದಿಸ್ಕೋ” ಎಂದ ಮೇಲೆ ಸರಿಹೋದ. ಅಪ್ಪ ಹೇಳಿದ್ದು ಪೂರ್ತಿ ನಿಜವಲ್ಲ. ಅವಳು ತಿದ್ದಲು ಹೋಗಲಿಲ್ಲ.

ಮಂಗಳವಾರ ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಅವಳು ಅಪ್ಪನನ್ನು ಕೇಳಲಿಲ್ಲ. ಮೂರು ವಾರ ತಾನು ಯಾಕೆ ಹೇಳಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು, ಅದರಲ್ಲೇ ಉತ್ತರ ಸಿಕ್ಕಿತ್ತು.

ಒಂದು ಭಾನುವಾರ ಮಧ್ಯಾಹ್ನ ಉದ್ದಣ್ಣ ಮನೆಗೆ ಬಂದ. ಬಲತೋಳನ್ನು ಬಟ್ಟೆಯಲ್ಲಿ ಕಟ್ಟಿ ಕುತ್ತಿಗೆಗೆ ನೇತುಹಾಕಿದ್ದ. ಭುಜದ ನರ ಎಳೆದುಕೊಂಡಿತ್ತು, ಇನ್ನೊಂದು ತಿಂಗಳು ಯಂತ್ರ ಎತ್ತುವಂತಿರಲಿಲ್ಲ. ಜೊತೆಗೆ ಮಗಳನ್ನೂ ಕರೆತಂದಿದ್ದ. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದವನನ್ನು ಕಂಡು ಅಪ್ಪ ಕುರ್ಚಿಯ ಕೈಗಳನ್ನು ಒತ್ತಿ ಹಿಡಿದ. ಏನು ಮಾಡುತ್ತಿದ್ದಾನೆಂದು ಅವಳಿಗೆ ತಿಳಿಯುವಷ್ಟರಲ್ಲಿ ಅರ್ಧ ಎದ್ದಿದ್ದ. ವರ್ಷದಿಂದ ಇನ್ನೊಬ್ಬರ ಆಸರೆಯಿಲ್ಲದೆ ಎದ್ದವನಲ್ಲ. ಅವಳು ಹಿಡಿಯಲು ಹೋದರೆ ತಲೆ ಅಲ್ಲಾಡಿಸಿದ. ಪೂರ್ತಿ ಎದ್ದು, ಕಿಟಕಿಯ ಸರಳು ಹಿಡಿದು ನಿಂತ.

“ಕೂತ್ಕೊಳ್ಳಿ ಮೇಸ್ತ್ರಿ, ನೀವು ಯಾಕೆ ಎದ್ರಿ” ಎಂದು ಉದ್ದಣ್ಣ ಗಾಬರಿಯಾದ.

“ನೀನು ಮೊದಲು ಕೂತ್ಕೋ” ಎಂದ ಅಪ್ಪ.

ಉದ್ದಣ್ಣ ಕೂತ ಮೇಲೆಯೇ ಅವನು ಕೂತ. ಅವಳು ಚಹಾ ತಂದಾಗ ಅಪ್ಪ ಆ ಹುಡುಗಿಯನ್ನು ಹತ್ತಿರ ಕರೆದು, ಒಂದು ಕೋಣೆಯ ಉದ್ದಗಲ ಹೇಳಿ, ಅದರ ಚಾವಣಿಗೆ ಎಷ್ಟು ಸುಣ್ಣ ಬೇಕು ಎಂದು ಕೇಳುತ್ತಿದ್ದ. ಹುಡುಗಿ ಬೆರಳು ಎಣಿಸದೆಯೇ ಉತ್ತರ ಹೇಳಿದಳು.